ರವೆ ಹಚ್ಚದ ಮಂಗಳ

ಕರೆಂಟು ಹೋಗಬಹುದಿತ್ತು. ಹೋಗದಿದ್ದರೆ ಮೈಕು ಗುಂಯ್ ಅನ್ನಬಹುದಿತ್ತು. ಮೈಕು ಸರಿಯಿದ್ದರೆ ನನ್ನ ಪಿಟೀಲಿನ ತಂತಿ ಮೊದಲಿಗೇ ನುಡಿಸುವ ವರ್ಣದ ನಟ್ಟನಡುವೆ ಪಟ್ಟನೆ ಕಿತ್ತು ಕನ್ನಡಕಕ್ಕೆ ಬಡಿಯಬಹುದಿತ್ತು. ಮೃದಂಗದ ಚರ್ಮ ಬಿಸಿಲಿಗೆ ಬಿರಿಯಬಹುದಿತ್ತು. ಮುಖ್ಯ ಅತಿಥಿ ಬಾರದೆ ಇರಬಹುದಿತ್ತು. ಅದಕ್ಕಿಂತ ದೊಡ್ಡ ಭಯವೆಂದರೆ, ಬಂದು ಮಾತಾಡಬಹುದಿತ್ತು. ಬಿಸಿಯೂಟದ ಸಾಂಬಾರಿನ ಒಗ್ಗರಣೆ ಸರಿಯಾಗಿ ಆಲಾಪನೆಯ ಹೊತ್ತಿಗೇ ಸಭಾಂಗಣಕ್ಕೆ ನುಗ್ಗಬಹುದಿತ್ತು. ಯಾವುದೋ ಒಂದು ಮಗು ವಾಂತಿ ಮಾಡಬಹುದಿತ್ತು, ಅದನ್ನು ನೋಡಿ ಆ ಸಾಲಿಗೆ ಸಾಲೇ ಶುರುಮಾಡಬಹುದಿತ್ತು. ಶಾಲೆಯ ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿರುವುದನ್ನು ಹಿಂದಿನ ವಾರವೇ ಹೋಗಿ ನೋಡಿಕೊಂಡು ಬಂದಿದ್ದೆ. ಅವುಗಳಿಗೆ ಪಿಟೀಲು ಇಷ್ಟವಾಗದೆ ಹೋಗಬಹುದಿತ್ತು.

ಮಂಡ್ಯದ ಸಂಗೀತ ಕಚೇರಿಯ ದಿನ ಬೆಳಿಗ್ಗೆ ಇಷ್ಟನ್ನೂ ನಾನು ಕಾಫಿ ಆರುವಷ್ಟರಲ್ಲಿ ಹೆಂಡತಿಗೆ ಒಪ್ಪಿಸಿದೆ. "ನಿಮ್ಮ ಶ್ರುತಿಪೆಟ್ಟಿಗೆ ಕೈಕೊಟ್ಟರೂ ಪರವಾಗಿಲ್ಲ ಬಿಡಿ," ಅಂದಳು. "ನೀವೇ ಒಂದೇ ಶ್ರುತೀಲಿ ಗೊಣಗ್ತಾ ಕೂತ್ಕೊಂಡ್ರೆ ಸಾಕು, ಹಾಡೋರು ಹಾಡಬಹುದು."

ಅವಳು ನಗಲಿ. ನನ್ನ ಚೀಲದಲ್ಲಿ ಎರಡು ಶ್ರುತಿಪೆಟ್ಟಿಗೆ, ಅವೆರಡಕ್ಕೂ ಬ್ಯಾಟರಿ, ಟಾರ್ಚು, ಎರಡು ಜೊತೆ ತಂತಿ, ಪಿನ್ನು, ಹಗ್ಗ, ವಾಂತಿ ಮಾಡುವವರಿಗೆ ಪ್ಲಾಸ್ಟಿಕ್ ಕವರು, ಮಾಡಿದವರಿಗೆ ನಿಂಬೆಹಣ್ಣು, ಎಲ್ಲವೂ ಇದ್ದವು. ಊರಿನ ಸಂಗೀತ ಸಭೆಯವರು ಶಾಲಾ ಮಕ್ಕಳ ಕಚೇರಿಗಳ ಉಸ್ತುವಾರಿಯನ್ನು ನನಗೇ ಒಪ್ಪಿಸಿದ್ದು ನನ್ನ ಪಿಟೀಲಿನ ಕಾರಣಕ್ಕಲ್ಲ, ಈ ಚೀಲದ ಕಾರಣಕ್ಕೆ ಎಂದು ನನಗೆ ಚೆನ್ನಾಗಿ ಗೊತ್ತು.

ಆದರೆ ಚೀಲದಲ್ಲಿ ಮದ್ದಿಲ್ಲದ ಚಿಂತೆ ಒಂದಿತ್ತು. ಗಾಯಕಿ ನಡುವೆಯೇ ಎದ್ದು ಹೋಗಬಹುದಿತ್ತು. ಉಳಿದವೆಲ್ಲ ನನ್ನ ತಲೆಯಲ್ಲಿ ಹುಟ್ಟಿದವು. ಇದೊಂದು ಮಾತ್ರ ಮದ್ದೂರಿನಲ್ಲಿ ಹುಟ್ಟಿದ್ದು.

ಮೂರು ಊರು, ಮೂರು ಶಾಲೆ: ಮೊದಲು ಮದ್ದೂರು, ಆಮೇಲೆ ಮಳವಳ್ಳಿ, ಕೊನೆಗೆ ಮಂಡ್ಯ ಎಂದು ನಿಗದಿಯಾಗಿತ್ತು. ಹಾಡುವವರು ಮಂಡ್ಯದಲ್ಲೇ ಎಷ್ಟೋ ವರ್ಷದಿಂದ ಪಾಠ ಹೇಳುವ ಹಿರಿಯ ವಿದುಷಿ. ಶ್ರುತಿ ಕೂದಲೆಳೆಯಷ್ಟು ಆಚೀಚೆಯಾದರೂ ಹಾಡು ನಿಲ್ಲಿಸಿ ನನ್ನ ಕಡೆ ನೋಡುವವರು. ಮೃದಂಗಕ್ಕೆ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬರು. ಹಗಲು ಭತ್ತದ ತಳಿ, ಸಂಜೆ ಮೃದಂಗ. ಎರಡಕ್ಕೂ ಒಂದೇ ನಿಧಾನ. ಪಿಟೀಲು ಮತ್ತು ಚಿಂತೆ ನನ್ನ ಪಾಲಿಗೆ; ಇಬ್ಬರೂ ನನ್ನನ್ನು ಕರೆಯುವುದು ಮೇಷ್ಟ್ರು ಎಂದೇ.

ಮದ್ದೂರಿನ ಶಾಲೆಗೆ ನಾವು ಹೋಗುವ ಹೊತ್ತಿಗೆ ಮಕ್ಕಳೆಲ್ಲ ಸಾಲಾಗಿ ಕೂತಾಗಿತ್ತು. ಎಡಗೈ ಎದೆಗೆ ಕಟ್ಟಿ, ಬಲಗೈಯ ತೋರುಬೆರಳು ತುಟಿಯ ಮೇಲೆ. ಪಕ್ಕದಲ್ಲಿ ಪಿ.ಟಿ. ಮೇಷ್ಟ್ರು, ಅವರ ಕೊರಳಲ್ಲಿ ಸೀಟಿ.

"ನೋಡಿ ಸಾರ್, ಸೂಜಿ ಬಿದ್ರೂ ಕೇಳ್ಬೇಕು, ಅಂಗ್ ಕೂರ್ಸಿವ್ನಿ," ಅಂದರು. "ಚಪ್ಪಾಳೆ ಬೇಕು ಅನ್ನಿಸ್ದಾಗ ನನ್ ಕಡೆ ನೋಡಿ. ಒಂದು ಸೀಟಿ ಊದಿದ್ರೆ ಮೂರು ಚಪ್ಪಾಳೆ."

ನನಗೆ ಆನಂದವೇ ಆಯಿತು, ಸುಳ್ಳು ಹೇಳಲಾರೆ. ಗಲಾಟೆಯೇ ನನ್ನ ದೊಡ್ಡ ಹೆದರಿಕೆಯಾಗಿತ್ತು. ಅದಕ್ಕೆ ಇಲ್ಲಿ ಆಗಲೇ ಬೆರಳು ಇಟ್ಟಾಗಿದೆ. ಗಾಯಕಿ ವರ್ಣ ಹಾಡಿದರು, ಸೀಟಿ, ಮೂರು ಚಪ್ಪಾಳೆ. ಒಂದು ಕೃತಿ, ಸೀಟಿ, ಮೂರು ಚಪ್ಪಾಳೆ. ಆಮೇಲೆ ಆಲಾಪನೆಗೆ ಇಳಿದರು. ಆಲಾಪನೆ ಎಂದರೆ ಸಾಹಿತ್ಯವಿಲ್ಲ, ತಾಳವಿಲ್ಲ, ರಾಗವೊಂದೇ. ಅದು ಅವರ ಜೀವ. ಕಣ್ಣು ಮುಚ್ಚಿ ಅಕಾರದಲ್ಲಿ ಮೇಲಿನ ಷಡ್ಜದ ಹತ್ತಿರ ಹೋಗಿ ಹೋಗಿ ನಿಲ್ಲದೆ ಹಿಂತಿರುಗುತ್ತಿದ್ದರು. ಮೊದಲ ಸಾಲುಗಳಲ್ಲಿ ತಲೆಗಳು ಒಂದೊಂದಾಗಿ ವಾಲತೊಡಗಿದವು. ತುಟಿಯ ಮೇಲಿನ ಬೆರಳು ಮಾತ್ರ ಜಾರಿರಲಿಲ್ಲ. ಹಾಗೆಯೇ ನಿದ್ದೆ ಹೋಗಿದ್ದವು. ಆಗ ಆ ಸೂಜಿ ಬೀಳುವ ಮೌನದಲ್ಲಿ ಎಲ್ಲಿಂದಲೋ ಒಂದು ಸಣ್ಣ ದನಿ ಸ್ಪಷ್ಟವಾಗಿ ಕೇಳಿಸಿತು:

"ಯಾಕ್ ಸಾ ಅಮ್ಮಾವ್ರು ಅಂಗ್ ಅಳ್ತಾವ್ರೆ? ಯಾರಾರ ಬೈದ್ರಾ?"

ಪಿ.ಟಿ. ಮೇಷ್ಟ್ರು ಗಾಬರಿಗೆ ಸೀಟಿ ಊದಿದರು. ಮಲಗಿದ್ದವರೂ ಸೇರಿ ಮೂರು ಚಪ್ಪಾಳೆ ತಟ್ಟಿದರು. ಗಾಯಕಿ ಕಣ್ಣು ಬಿಟ್ಟರು. ಆ ರಾಗ ಅಲ್ಲಿಗೇ ನಿಂತಿತು. ನೇರವಾಗಿ ಮಂಗಳ ಹಾಡಿ ಎದ್ದರು.

ವಾಪಸು ಬರುವಾಗ ಕಾರಿನಲ್ಲಿ ಮೃದಂಗದವರು ಮದ್ದೂರು ವಡೆಯ ಪೊಟ್ಟಣ ಬಿಚ್ಚಿದರು. ನಾನು ಒಂದು ತೆಗೆದುಕೊಂಡೆ, ತಿನ್ನುವ ಧೈರ್ಯವಾಗಲಿಲ್ಲ.

"ಮೇಷ್ಟ್ರೇ," ಅಂದರು ಗಾಯಕಿ ಕಿಟಕಿಯ ಆಚೆ ನೋಡುತ್ತ, "ನಾನು ಹಾಡಿದ್ದು ಯಾರಿಗೆ?"

"ಮಕ್ಕಳು ತುಂಬ ಶಿಸ್ತಾಗಿದ್ದರಲ್ಲ ಅಮ್ಮ..."

"ಗೋಡೇನೂ ಶಿಸ್ತಾಗೇ ಇರುತ್ತೆ. ಮಳವಳ್ಳಿಯವರಿಗೆ ಮಾತು ಕೊಟ್ಟಾಗಿದೆ, ಬರ್ತೀನಿ. ಅಲ್ಲೂ ಹೀಗೇ ಆದರೆ ಮಂಡ್ಯಕ್ಕೆ ನನ್ನನ್ನ ಕರೀಬೇಡಿ. ಮಕ್ಕಳ ಮುಂದೆ ಹಾಡೋದು ನನಗೆ ಬರಲ್ಲ ಅಂದ್ಕೊಂಡು ಸುಮ್ಮನಾಗ್ತೀನಿ."

ಕೋಪದಲ್ಲಿ ಅಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಮ್ಮ ಕಡೆ ಈ ಮಟ್ಟದ ಸಂಗೀತಗಾರರು ಶಾಲೆಯ ಜಮಖಾನದ ಮೇಲೆ ಕೂತು ಹಾಡಲು ಒಪ್ಪುವುದೇ ಅಪರೂಪ. ಇವರು ಬಿಟ್ಟರೆ ಆ ಜಾಗಕ್ಕೆ ಸಿನಿಮಾ ಹಾಡಿನ ಟ್ರ್ಯಾಕು ಬರುತ್ತದೆ, ಅದಕ್ಕೆ ಯಾರ ಚಿಂತೆಯೂ ಬೇಕಿಲ್ಲ.

ನನಗೆ ತೋಚಿದ ಪರಿಹಾರ ನನ್ನಂಥವನಿಗೆ ತೋಚುವಂಥದೇ: ಭಾಷಣ. ಮಕ್ಕಳಿಗೆ ಅರ್ಥವಾಗಲಿಲ್ಲ, ಆದ್ದರಿಂದ ಮೊದಲು ಅರ್ಥ ಹೇಳಬೇಕು. ಸಪ್ತಸ್ವರಗಳು, ರಾಗದ ಲಕ್ಷಣ, ತಾಳದ ಅಂಗಗಳು ಎಲ್ಲವನ್ನೂ ಬಣ್ಣದ ಚಾರ್ಟಿನ ಮೇಲೆ ಬರೆದೆ. ಏಳು ಸ್ವರಕ್ಕೆ ಏಳು ಬಣ್ಣ. ಹೆಂಡತಿ ನೋಡಿ, "ಪರೀಕ್ಷೆ ಯಾವತ್ತು?" ಎಂದು ಕೇಳಿದಳು.

ಮಳವಳ್ಳಿಗೆ ಹೋಗುವಾಗ ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಚಾರ್ಟು ನನ್ನ ತೊಡೆಯ ಮೇಲಿತ್ತು. ಗಾಯಕಿ ಅದನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಮೃದಂಗದವರು ಮಾತ್ರ, "ಇದನ್ನ ನೇತಾಕಕ್ಕೆ ಮೊಳೆ ತಂದಿದ್ದೀರಾ?" ಎಂದು ಕೇಳಿದರು. ತಂದಿದ್ದೆ.

ಮಳವಳ್ಳಿಯ ಶಾಲೆಯಲ್ಲಿ ವೇದಿಕೆ ಎಂದರೆ ಎತ್ತರದ ಜಗಲಿ. ಮಕ್ಕಳು ಕೆಳಗೆ, ಇಲ್ಲೂ ಕೈಕಟ್ಟಿ. ಚಾರ್ಟು ನೇತುಹಾಕಿ ಶುರುಮಾಡಿದೆ. ಷಡ್ಜಕ್ಕೆ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಋಷಭಕ್ಕೆ ಅರ್ಧ ಜನ. ಗಾಂಧಾರಕ್ಕೆ ಬರುವ ಹೊತ್ತಿಗೆ ಒಂದು ಅಚ್ಚರಿ ಕಂಡಿತು: ಮುಂದಿನ ಸಾಲಿನ ಕಣ್ಣುಗಳೆಲ್ಲ ಒಟ್ಟಿಗೆ ಒಂದೇ ಕಡೆ ತಿರುಗಿದ್ದವು, ಕುತ್ತಿಗೆ ಚಾಚಿಕೊಂಡು. ಆ ಕಡೆ ನಾನಿರಲಿಲ್ಲ, ಚಾರ್ಟೂ ಇರಲಿಲ್ಲ.

ನನ್ನ ಹಿಂದೆ ಮೃದಂಗದವರು ಕೂತು ತಮ್ಮ ಪಾಡಿಗೆ ರವೆ ಕಲಸುತ್ತಿದ್ದರು.

ಮೃದಂಗದ ಬಲಗಡೆಗೆ ಕರಣೆ ಎಂಬ ಕಪ್ಪು ಲೇಪ ಕಾಯಂ ಇರುತ್ತದೆ. ಎಡಗಡೆಗೆ ಹಾಗಲ್ಲ, ಪ್ರತಿ ಕಚೇರಿಗೂ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ, ನಾದಿ, ಚರ್ಮದ ನಡುವೆ ರೊಟ್ಟಿಯ ಹಾಗೆ ತಟ್ಟಬೇಕು. ಅದು ಇದ್ದರೇನೇ ಎಡಗಡೆಗೆ ಆ ಗುಂ ಎಂಬ ತುಂಬು ನಾದ. ಕಚೇರಿ ಮುಗಿದ ತಕ್ಷಣ ಕೆರೆದು ಒರೆಸಿಬಿಡುತ್ತಾರೆ. ಬಿಟ್ಟರೆ ಒಣಗಿ ಚರ್ಮ ಹಾಳು. ನಾವು ಸಂಗೀತದವರು ಇದನ್ನು ಪರದೆಯ ಹಿಂದಿನ ಕೆಲಸ ಎಂದುಕೊಂಡಿದ್ದೇವೆ. ಮಳವಳ್ಳಿಯಲ್ಲಿ ಪರದೆ ಇರಲಿಲ್ಲ.

"ಸಾ, ಅದು ಉಪ್ಪಿಟ್ಟಾ?" ಮುಂದಿನ ಸಾಲಿನ ಹುಡುಗಿ ಕೇಳಿಯೇಬಿಟ್ಟಳು.

"ಉಪ್ಪಿಟ್ಟಲ್ಲ ಕಣೇ, ವಡೆ ಹಿಟ್ಟು," ಅಂತ ಪಕ್ಕದವಳು.

"ಮಳೆಗ್ ನೆಂದಿರ್ಬೇಕು, ತೂತ್ ಮುಚ್ತಾವ್ರೆ," ಅಂತ ಹಿಂದಿನಿಂದ ಒಂದು ಗಂಡು ದನಿ.

ಹೆಡ್‌ಮಾಸ್ಟರು ಎದ್ದು ನಿಂತರು. "ಏಯ್! ಬಾಯ್ ಮುಚ್ಕಂಡ್ ಕೂತ್ಕಳಿ! ಸಾರು ಪಾಠ ಮಾಡ್ತಿಲ್ವಾ?"

ಆ ಗಳಿಗೆಯಲ್ಲಿ ನನಗೆ ಎರಡು ದಾರಿ ಇದ್ದವು. ಮಧ್ಯಮಕ್ಕೆ ಹೋಗುವುದು ಒಂದು. ಆ ದಾರಿಯನ್ನು ನಾನು ಎರಡು ರಾತ್ರಿ ಕೂತು ಬಣ್ಣ ಹಚ್ಚಿ ತಯಾರು ಮಾಡಿದ್ದೆ. ಆದರೆ ಮದ್ದೂರಿನಲ್ಲಿ ಒಂದು ಮಗು ಪ್ರಶ್ನೆ ಕೇಳಿದ್ದಕ್ಕೆ ಸೀಟಿ ಊದಿದ್ದು ನೆನಪಾಯಿತು. ಅವತ್ತು ಇಡೀ ಕಚೇರಿಯಲ್ಲಿ ನಿಜವಾಗಿ ಸಂಗೀತ ಕೇಳಿಸಿಕೊಂಡಿದ್ದು ಆ ಮಗು ಒಂದೇ. ನಾನು ಚಾರ್ಟು ಬಿಚ್ಚಿದೆ. ಮೊಳೆ ಸುಲಭಕ್ಕೆ ಬರಲಿಲ್ಲ, ಚಾರ್ಟು ಸ್ವಲ್ಪ ಹರಿಯಿತು.

"ಸಾರ್," ಹೆಡ್‌ಮಾಸ್ಟರಿಗೆ ಹೇಳಿದೆ, "ನಾವು ಕೆಳಗಿಳಿದು ಮಕ್ಕಳ ಮಧ್ಯೆ ಕೂತ್ಕೊಳ್ಳಬಹುದಾ? ಮತ್ತೆ ಅವರ ಕೈ ಬಿಡಿಸಬೇಕು."

"ಕೈ ಬುಟ್ರೆ ಇಡಿಯಕ್ಕಾಯ್ತದಾ ಸಾರ್ ಈ ಮುಂಡೇವ?" ಅಂದರು. "ಆಮೇಲ್ ನನ್ನ ಅನ್ಬೇಡಿ."

ಇನ್ನೊಂದು ಅನುಮತಿ ಬಾಕಿಯಿತ್ತು. ಗಾಯಕಿಯ ಕಡೆ ತಿರುಗಿದೆ. ಅವರು ಆಗಲೇ ಎದ್ದು, ಸೆರಗು ಸಿಕ್ಕಿಸಿಕೊಂಡು, ಜಗಲಿಯ ಮೆಟ್ಟಿಲು ಇಳಿಯುತ್ತಿದ್ದರು.

ನಾವು ಮೂವರೂ ನೆಲದಲ್ಲಿ ಕೂತೆವು, ಮಕ್ಕಳು ಸುತ್ತ. ಮೃದಂಗದವರು ಮೊದಲು ರವೆಯಿಲ್ಲದ ಎಡಗಡೆಯನ್ನು ಬಾರಿಸಿ ತೋರಿಸಿದರು. ಡಬ, ಡಬ. "ಎಣ್ಣೆ ಡಬ್ಬ!" ಎಂದರು ಮಕ್ಕಳು. ಆಮೇಲೆ ರವೆ ತಟ್ಟಿ ಬಾರಿಸಿದರು. ಗುಂ. "ಇನ್ನೊಂದ್ ದಪ ಬಡೀರಿ ಸಾ," ಎಂದಳು ಉಪ್ಪಿಟ್ಟಿನ ಹುಡುಗಿ. ಅವರು ಬಾರಿಸಿದರು. ಚಿಟಿಕೆ ರವೆ ತೆಗೆದು ಬಾರಿಸಿದರು, ಸೇರಿಸಿ ಬಾರಿಸಿದರು. ರವೆ ಹೆಚ್ಚಾದರೆ ನಾದ ಎಲ್ಲಿಗೆ ಇಳಿಯುತ್ತದೆ, ಕಮ್ಮಿಯಾದರೆ ಎಲ್ಲಿಗೆ ಏರುತ್ತದೆ ಎಂದು ಮಕ್ಕಳೇ ಕೂಗಿ ಹೇಳತೊಡಗಿದರು. ಶ್ರುತಿ ಎಂಬ ಪದವನ್ನು ನಾನು ಒಮ್ಮೆಯೂ ಬಳಸಿರಲಿಲ್ಲ.

ಮುಂದೆ ತಾಳ. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಹುಸಿ ಎಂದರೆ ಅಂಗೈ ಮೇಲಾಗಿಸುವುದು. ಎಂಟು ಎಣಿಕೆಗೆ ಒಂದು ಸುತ್ತು. ಬೇಗ ಕಲಿತರು. ತೊಂದರೆ ಆಮೇಲೆ ಬಂತು. ಅಷ್ಟೂ ಮಕ್ಕಳು ತೊಡೆ ಬಡಿದರೆ ಹಾಡೇ ಕೇಳುವುದಿಲ್ಲ. ಜೊತೆಗೆ ಉತ್ಸಾಹಕ್ಕೆ ವೇಗ ಏರುತ್ತದೆ. ನಿಧಾನವಾಗಿ ಶುರುವಾದ ಕೃತಿ ಇಳಿಜಾರಿನ ಕಬ್ಬಿನ ಲಾರಿಯಂತೆ ಓಡತೊಡಗಿತು. ನನ್ನ ಕಮಾನು ಅದರ ಹಿಂದೆ ಓಡಿತು. ಮೃದಂಗದವರು ಬ್ರೇಕು ಹಾಕಲು ನೋಡಿದರು, ಆಗಲಿಲ್ಲ.

ಗಾಯಕಿ ಥಟ್ಟನೆ ನಿಲ್ಲಿಸಿದರು. ಎದ್ದು ಹೋಗುತ್ತಾರೆ ಎಂದುಕೊಂಡು ನಾನು ಕಮಾನು ಕೆಳಗಿಟ್ಟೆ.

"ಎಲ್ಲಿಗಪ್ಪಾ ಇಷ್ಟು ಅವಸರ? ಬಸ್ಸು ಹೋಗ್ಬಿಡುತ್ತಾ?" ಎಂದು ಕೇಳಿದರು. ಮಕ್ಕಳು ನಕ್ಕರು. "ಎರಡೇ ಬೆರಳಲ್ಲಿ ತಟ್ಟಿ. ತೊಡೆಗೆ ಗೊತ್ತಾಗಬೇಕು, ಪಕ್ಕದವರಿಗೆ ಗೊತ್ತಾಗಬಾರದು. ಈಗ ನಾನು ನಡುವೆ ಒಂದು ಸುತ್ತು ಬಾಯಿ ಮುಚ್ತೀನಿ. ನೀವು ನಿಲ್ಲಿಸಬಾರದು. ಸುತ್ತು ಮುಗಿದು ಮೊದಲನೇ ಪೆಟ್ಟು ಬಂದಾಗ ಎಲ್ಲರೂ ಒಂದೇ ಒಂದು ಚಪ್ಪಾಳೆ. ಯಾರು ಮುಂಚೆ ತಟ್ತಾರೋ ಅವರು ಸಿಕ್ಕಿಬಿದ್ದರು."

ಮೊದಲ ಸಲ ಚಪ್ಪಾಳೆ ಪಟಾಕಿ ಸರದ ಹಾಗೆ ಸಿಡಿಯಿತು. ಎರಡನೇ ಸಲ ಪರವಾಗಿಲ್ಲ. ಆಮೇಲಿನ ಸಲ ಗಾಯಕಿ ಬಾಯಿ ಮುಚ್ಚಿದರು, ಮೃದಂಗ ನಿಂತಿತು, ನನ್ನ ಕಮಾನು ಗಾಳಿಯಲ್ಲಿ ನಿಂತಿತು; ಇಡೀ ಅಂಗಳದಲ್ಲಿ ಬರೀ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ನಂತರ ಒಂದೇ ಒಂದು ಚಪ್ಪಾಳೆ. ಹೆಡ್‌ಮಾಸ್ಟರು ಮಾತ್ರ ಅರ್ಧ ಎಣಿಕೆ ಮುಂಚೆ ತಟ್ಟಿದರು. "ಸಾರ್ ಔಟು!" ಎಂದವು ಮುಂಡೇವು.

ಅವತ್ತು ಆಲಾಪನೆ ಹಾಡಲಿಲ್ಲ. ನಾನೇ ಬೇಡವೆಂದಿದ್ದೆ. ವಾಪಸು ಬರುವಾಗ ನಾನು ಗೆದ್ದವನಂತೆ ಕೂತಿದ್ದೆ. ಅದು ಗಾಯಕಿಗೆ ಕಂಡಿರಬೇಕು.

"ಚೆನ್ನಾಗಿತ್ತು," ಅಂದರು. "ಆದರೆ ಇದು ಆಟ ಆಯ್ತು ಮೇಷ್ಟ್ರೇ. ಮಂಡ್ಯದಲ್ಲಿ ನಾನು ರಾಗ ಹಾಡ್ತೀನಿ."

"ಅಮ್ಮ, ಒಂದು ಸಣ್ಣ ಕೃತಿ ಹಾಡಿ ಮುಗಿಸಿದ್ರೆ ಕ್ಷೇಮ..."

"ಅಳ್ತಾವ್ರೆ ಅಂದಿತಲ್ಲ ಆ ಮಗು, ಅದಕ್ಕೆ ನಾನು ಉತ್ತರ ಕೊಡದೆ ಎದ್ದುಬಂದೆ. ರಾಗ ಬಿಟ್ಟು ಹಾಡೋದಾದ್ರೆ ನಾನ್ಯಾಕೆ ಬೇಕು? ಮಂಡ್ಯದಲ್ಲಿ ಮಕ್ಕಳು ಅದನ್ನ ಕೇಳಿದರೆ ನೀವು ಕರೆದ ಶಾಲೆಗೆಲ್ಲ ಬರ್ತೀನಿ. ಕೇಳದಿದ್ದರೆ ಅದೇ ಕೊನೇದು."

"ಆಯ್ತದೆ ಬುಡಿ ಮೇಷ್ಟ್ರೇ," ಅಂದರು ಮೃದಂಗದವರು ಹಿಂದಿನ ಸೀಟಿನಿಂದ. "ಪೈರು ನಾಟಿ ಮಾಡಿ ಪಕ್ಕದಲ್ಲೇ ಕೂತ್ಕಂಡು ಎಳ್ದ್ ಎಳ್ದ್ ನೋಡುದ್ರೆ ಬೆಳೆದದಾ?"

ಆ ರಾತ್ರಿಯಿಂದ ಹುಟ್ಟಿದ್ದೇ ನಾನು ಮೊದಲಿಗೆ ಹೇಳಿದ ಚಿಂತೆಗಳು.

ಮಂಡ್ಯದ ಶಾಲೆಯಲ್ಲಿ ಕರೆಂಟು ಇತ್ತು. ಮೈಕು ಗುಂಯ್ ಅನ್ನಲಿಲ್ಲ. ಹೆಜ್ಜೇನು ತಮ್ಮ ಕೆಲಸ ನೋಡಿಕೊಂಡವು. ಮುಖ್ಯ ಅತಿಥಿ ಬಂದರು, ಕೂತರು, ಮಾತಾಡಲಿಲ್ಲ, ಗಂಟಲು ಕಟ್ಟಿತ್ತಂತೆ. ಈ ಸಲ ಚಾರ್ಟು ಇರಲಿಲ್ಲ. ನೆಲದ ಮೇಲೆ ಜಮಖಾನ, ಸುತ್ತ ಮಕ್ಕಳು, ಬಿಡಿಸಿದ ಕೈಗಳು. ಮೊದಲು ರವೆ. ಡಬ, ಗುಂ, ಕೂಗಾಟ. ಆಮೇಲೆ ತಾಳ, ಎರಡು ಬೆರಳು, ಒಂದು ಸುತ್ತು ಮೌನ, ಒಂದು ಚಪ್ಪಾಳೆ. ಎಲ್ಲ ಮಳವಳ್ಳಿಯಂತೆಯೇ ನಡೆಯಿತು. ನಾನು ಸಮಾಧಾನ ಪಡಲಿಲ್ಲ, ಆಲಾಪನೆ ಇನ್ನೂ ಮುಂದಿತ್ತು.

ಗಾಯಕಿ ನೀರು ಕುಡಿದು ಮಕ್ಕಳನ್ನು ನೋಡಿದರು.

"ಈಗ ನಾನು ಹಾಡೋದಕ್ಕೆ ಮಾತಿಲ್ಲ. ತಾಳಾನೂ ಇಲ್ಲ. ಒಂದು ಊರಲ್ಲಿ ನಾನು ಇದನ್ನ ಹಾಡಿದಾಗ ಅಳ್ತಾ ಇದೀನಿ ಅಂದ್ಕೊಂಡರು."

ಮಕ್ಕಳು ನಕ್ಕರು.

"ಅಳ್ತಿರಲಿಲ್ಲ ಕಣ್ರಪ್ಪ. ಹೊರಗೆ ಹೋಗಿ ಸುತ್ತಾಡ್ತಿದ್ದೆ. ಹೊರಗೆ ಹೋದೋರಿಗೆ ವಾಪಸ್ ಬರೋಕೆ ಮನೆ ಬೇಕಲ್ಲ? ಆ ಮನೆ ನೀವಾಗಬೇಕು. ಈ ಪೆಟ್ಟಿಗೆ ಬೇಡ."

ನನ್ನ ಕಡೆ ಕೈಮಾಡಿದರು: ಶ್ರುತಿಪೆಟ್ಟಿಗೆ ನಿಲ್ಲಿಸಿ. ಎರಡೆರಡು ಪೆಟ್ಟಿಗೆ ಹೊತ್ತು ತಂದವನು ನುಡಿಯುತ್ತಿದ್ದ ಒಂದನ್ನೂ ನಿಲ್ಲಿಸಿದೆ. ಅರ್ಧ ಮಕ್ಕಳಿಗೆ 'ಸ' ಹಿಡಿಸಿದರು, ಇನ್ನರ್ಧಕ್ಕೆ 'ಪ'. ಬಾಯಿ ಮುಚ್ಚಿ, ಮೂಗಿನಲ್ಲಿ, ಉಸಿರು ಮುಗಿದವರು ಉಸಿರೆಳೆದುಕೊಂಡು ಮತ್ತೆ ಸೇರಬೇಕು. ಮೊದಮೊದಲು ದನದ ಕೊಟ್ಟಿಗೆಯ ಸದ್ದು. ಮುಖ್ಯ ಅತಿಥಿ ನಕ್ಕರು. ಗಾಯಕಿ ಕಾದರು. ಒಬ್ಬರನ್ನು ಒಬ್ಬರು ಕೇಳಿಸಿಕೊಳ್ಳುತ್ತ ಮಕ್ಕಳು ಮೆಲ್ಲಮೆಲ್ಲನೆ ಒಂದಾದರು. ತಂಬೂರಿಯಷ್ಟು ಶುದ್ಧವೆಂದು ಹೇಳಲಾರೆ, ಆದರೆ ನಮ್ಮ ಜಮಖಾನದ ಕೆಳಗಿನ ನೆಲ ಸಣ್ಣಗೆ ನಡುಗಿದಂತೆ ಅನ್ನಿಸಿತು.

ಅದರ ಮೇಲೆ ಅವರು ರಾಗ ಹಾಡಿದರು. ಕತ್ತರಿಸಲಿಲ್ಲ, ಸರಳ ಮಾಡಲಿಲ್ಲ, ದೊಡ್ಡವರಿಗೆ ಹಾಡುವಂತೆಯೇ ಹಾಡಿದರು. ಮೇಲಿನ ಷಡ್ಜದ ಹತ್ತಿರ ಹೋಗಿ ಹೋಗಿ ಹಿಂತಿರುಗುವಾಗ ಮಕ್ಕಳ ಹುಬ್ಬುಗಳೂ ಏರಿ ಇಳಿದವು. ಕೊನೆಗೆ ಮುಟ್ಟಿ ನಿಂತಾಗ ಯಾರೋ ಒಬ್ಬ 'ಸ' ಹಿಡಿಯುವುದನ್ನು ಮರೆತು "ಸಿಕ್ತು!" ಅಂದ. ಗಾಯಕಿ ಕಣ್ಣು ಮುಚ್ಚಿಯೇ ನಕ್ಕರು, ಸ್ವರ ಬಿಡಲಿಲ್ಲ. ಪಿಟೀಲಿನಲ್ಲಿ ನನ್ನ ಸರದಿ ಬಂದಾಗ ನಾನು ಏನು ನುಡಿಸಿದೆನೋ ನೆನಪಿಲ್ಲ. ಚೀಲದ ನೆನಪಂತೂ ಇರಲಿಲ್ಲ.

ಮಂಗಳ ಹಾಡಿದರು. ಮಂಗಳವಾದ ಮೇಲೆ ಏನೂ ಹಾಡುವುದಿಲ್ಲ. ನಮ್ಮಲ್ಲಿ ಅದು ಬಾಗಿಲು ಹಾಕಿ ಅಗುಳಿ ಇಟ್ಟಂತೆ. ಇವರಂತೂ ಯಾರು ಎಷ್ಟು ಕೇಳಿಕೊಂಡರೂ ಆ ಅಗುಳಿ ತೆಗೆದವರಲ್ಲ. ನಾನು ಕಮಾನಿನ ಬಿಗಿ ಸಡಿಲಿಸಿದೆ. ಮೃದಂಗದವರು ಎಂದಿನಂತೆ ಎಡಗಡೆಯ ರವೆಯನ್ನು ಕೆರೆದು ಕಿಟಕಿಯಾಚೆ ಎಸೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಚೆ ಕಾಗೆಗಳು ಕಾದಿದ್ದವು.

ಮಕ್ಕಳು ಏಳಲಿಲ್ಲ.

"ಇನ್ನೊಂದ್ ಯೋಳಿ ಮಿಸ್!"

"ಇನ್ನೊಂದು! ಇನ್ನೊಂದು!" ಎರಡು ಬೆರಳಿನಲ್ಲಲ್ಲ, ಇಡೀ ಅಂಗೈಯಲ್ಲಿ ತೊಡೆ ಬಡಿಯುತ್ತ, ಆದರೆ ಸರಿಯಾದ ತಾಳದಲ್ಲಿ.

ಮಕ್ಕಳು ಏಳಬಹುದು, ಓಡಬಹುದು, ಮಲಗಬಹುದು ಎಂದೆಲ್ಲ ಯೋಚಿಸಿದ್ದ ನಾನು, ಏಳದೆ ಕೂತರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. "ಮಂಗಳ ಆಯ್ತು ಮಕ್ಕಳೇ, ಆದಮೇಲೆ ಹಾಡಬಾರದು..." ಎಂದು ತೊದಲಿದೆ.

"ಬೇರೆ ಹಾಡಬಾರದು," ಎಂದು ಗಾಯಕಿ ತಿದ್ದಿದರು. ಸ್ವಲ್ಪ ಯೋಚಿಸಿದರು. "ಮಂಗಳಾನೇ ಇನ್ನೊಂದು ಸಲ ಹಾಡಬಾರದು ಅಂತ ಯಾರೂ ಹೇಳಿಲ್ಲ."

ಶುರುಮಾಡಿಯೇಬಿಟ್ಟರು. ನಾನು ಕಮಾನು ಬಿಗಿದುಕೊಂಡು ಹಿಂದೆ ಓಡಿದೆ. ಮೃದಂಗದವರು ಗಡಿಬಿಡಿಯಲ್ಲಿ ಮೃದಂಗವನ್ನು ತೊಡೆಗೆಳೆದು ಎಡಗೈ ಇಟ್ಟರು.

ಡಬ.

"ಸಾ! ರವೆ!" ಎಂದು ಮುಂದಿನ ಸಾಲು.

"ರವೆ ಹಾಕಿಲ್ಲ ಕಣ್ಲಾ, ರವೆ!" ಎಂದು ಹಿಂದಿನ ಸಾಲು.

ಮೃದಂಗದವರು ನನ್ನನ್ನು ನೋಡಿದರು, ಎಲ್ಲ ಇರುವ ಚೀಲದವನು ನಾನೇ ತಾನೆ. ಒಂದು ಕೈಯನ್ನು ಚೀಲಕ್ಕೆ ಹಾಕಿ ತಡಕಿದೆ. ಟಾರ್ಚು, ಬ್ಯಾಟರಿ, ಹಗ್ಗ. ಕೊನೆಗೆ ಕೈಗೆ ಬಂದದ್ದು ನಿಂಬೆಹಣ್ಣು.

ಗಾಯಕಿ ಹಾಡಿನ ಎರಡು ಸಾಲುಗಳ ನಡುವೆ ನನ್ನ ಕಡೆ ಬಾಗಿ, ಮೈಕಿಗೆ ಕೇಳದ ಹಾಗೆ, "ಮುಂದಿನ ಶಾಲೆಗೆ ಒಂದು ಹಿಡಿ ಜಾಸ್ತಿ ಕಲಸೋಕೆ ಹೇಳಿ ಮೇಷ್ಟ್ರೇ," ಎಂದು, ಎಣಿಕೆ ತಪ್ಪದೆ ಹಾಡಿಗೆ ಮರಳಿದರು.

ಮಕ್ಕಳು ಎರಡು ಬೆರಳಿನಲ್ಲಿ ತಾಳ ಹಾಕಿದರು. ಮೃದಂಗದ ಎಡಗಡೆ ಮಂಗಳ ಮುಗಿಯುವವರೆಗೂ ಎಣ್ಣೆ ಡಬ್ಬದ ಹಾಗೆ ಡಬಡಬ ಎನ್ನುತ್ತಲೇ ಇತ್ತು.